ಅಮೆರಿಕದ ಮನೆಯ ಬೇಸ್‌ಮೆಂಟ್‌ನಲ್ಲಿ ನಾನೇ ಹೋಮ್ ಥಿಯೇಟರ್ ಕಟ್ಟಬಹುದಾ? ಎಲ್ಲಿಂದ ಶುರು ಮಾಡಲಿ?

ಕಟ್ಟಬಹುದು. ಆದರೆ ಪ್ರೊಜೆಕ್ಟರ್ ಹುಡುಕುವ ಮೊದಲು ತೇವ ಇದೆಯಾ ನೋಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟ್ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ, ತೇವ ನೆಲದಿಂದಲೇ ಬರುತ್ತಿದೆ. ಅದನ್ನು ಸರಿಮಾಡದೆ ಕಾರ್ಪೆಟ್ ಹಾಸಿದರೆ ಬೂಷ್ಟು ಹಿಡಿಯುತ್ತದೆ. ಹೊರಗೂ ಒಮ್ಮೆ ನೋಡಿ: ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಪೈಪನ್ನು ದೂರಕ್ಕೆ ಎಳೆಯಿರಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ರೇಡಾನ್ (ಮಣ್ಣಿನಿಂದ ಮನೆಯೊಳಗೆ ನುಸುಳುವ ವಿಕಿರಣಶೀಲ ಅನಿಲ) ಟೆಸ್ಟನ್ನೂ ಆಗಲೇ ಮುಗಿಸಿ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಜಾಸ್ತಿ ಬಂದರೆ ಸರಿಪಡಿಸಿ ಅನ್ನುತ್ತದೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ. ಊರಿನ ಕಚೇರಿಯಿಂದ ಪರ್ಮಿಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮನೆ ಮಾರುವಾಗ ತಲೆನೋವು.

ಕಾಂಕ್ರೀಟ್ ಗೋಡೆಗೆ ಫೋಮ್ ಬೋರ್ಡ್ ಅಂಟಿಸಿ, ಅದರ ಮುಂದೆ ಮರದ ಫ್ರೇಮ್ ನಿಲ್ಲಿಸಿ. ನೆಲಕ್ಕೆ ತಾಗುವ ಮರ ಪ್ರೆಷರ್ ಟ್ರೀಟೆಡ್ (ಕೊಳೆಯದಂತೆ ಔಷಧಿ ಹಿಡಿಸಿದ್ದು) ಇರಲಿ.

ಇನ್ನು ಸದ್ದು. ಗೋಡೆಗೆ ಸ್ಪಂಜು ಅಂಟಿಸಿದರೆ ಮೇಲೆ ಮಲಗಿದವರಿಗೆ ಕೇಳಿಸಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಸುಮ್ನೆ ದುಡ್ಡು ದಂಡ. ಸ್ಪಂಜು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಅಷ್ಟೇ. ಸದ್ದು ತಡೆಯುವುದಕ್ಕೆ ಭಾರ ಬೇಕು. ಸೀಲಿಂಗ್‌ಗೆ ಎರಡು ಪದರ ಡ್ರೈವಾಲ್ (ಜಿಪ್ಸಮ್ ಹಲಗೆ) ಹಾಕಿ, ಒಳಗೆ ಮಿನರಲ್ ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ಬಾಗಿಲು ಗಟ್ಟಿಮರದ್ದಿರಲಿ.

ಮೂಲೆಯಿಂದ ಮೂಲೆಗೆ 100 ಇಂಚಿನ ಪರದೆ ಸುಮಾರು 87 ಇಂಚು ಅಗಲ ಇರುತ್ತದೆ. ಸೋಫಾ 10 ಅಡಿ ದೂರದಲ್ಲಿದ್ದರೆ ಚೆನ್ನ. ಡ್ರೈವಾಲ್ ಮುಚ್ಚುವ ಮೊದಲು ಪ್ರೊಜೆಕ್ಟರ್ ತನಕ ಒಂದು ದಪ್ಪ ಖಾಲಿ ಪೈಪ್ ಎಳೆದಿಡಿ. ನಾಳೆ ಕೇಬಲ್ ಬದಲಿಸುವುದಕ್ಕೆ ಗೋಡೆ ಒಡೆಯಬೇಕಿಲ್ಲ. ವೈರಿಂಗ್ ಮಾತ್ರ, ಕೈ ಎಷ್ಟೇ ಪಳಗಿದ್ದರೂ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.