ಸೋಲಾರ್, ಗಾಳಿ ವಿದ್ಯುತ್‌ಗೆ ಸಾಲ ಕೊಡುವಾಗ ಮೂಲನಿವಾಸಿಗಳ ಒಪ್ಪಿಗೆ ಯಾಕೆ ಬೇಕು?

ನೀವು ಕೇಳಿದ್ದು ಇಷ್ಟು: ಗ್ರೀನ್ ಬಾಂಡ್ (ಹಸಿರು ಯೋಜನೆಗಳಿಗೆ ಹಣ ಎತ್ತುವ ಸಾಲಪತ್ರ), ಇಎಸ್‌ಜಿ ಫಂಡ್ (ಪರಿಸರ, ಸಮಾಜ, ಆಡಳಿತ ಮೂರನ್ನೂ ನೋಡಿ ಹಣ ಹಾಕುವ ನಿಧಿ), ದೊಡ್ಡ ಬ್ಯಾಂಕುಗಳ ಸಾಲದ ನಿಯಮಗಳಲ್ಲಿ ಮೂಲನಿವಾಸಿಗಳ ಒಪ್ಪಿಗೆ ಪಡೆಯಬೇಕು ಅಂತ ಷರತ್ತು ಇರುತ್ತದಲ್ಲ, ಸೋಲಾರ್‌ನಿಂದ ಎಲ್ಲರಿಗೂ ಒಳ್ಳೆಯದೇ ಆಗುವಾಗ ಅದು ಯಾಕೆ, ಸುಮ್ನೆ ತಡ ಆಗಲ್ವಾ ಅಂತ. ನಾನು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವನು. ನಮ್ಮ ನೆಂಟರ ಹೊಲದಲ್ಲೇ ಈಗ ಪ್ಯಾನೆಲ್‌ಗಳು ನಿಂತಿವೆ. ತಡ ಆಗುತ್ತದೆ, ನಿಜ. ಆದರೆ ಆ ತಡ ಬೇಕೇ ಬೇಕು.

ಮೊದಲು ನಮ್ಮ ಕಡೆಯದ್ದೇ ಹೇಳುತ್ತೇನೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿದೆ. ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 25 ವರ್ಷಕ್ಕೂ ಜಾಸ್ತಿ ಕಾಲಕ್ಕೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಟ್ಟು, ಕಡಲೆಕಾಯಿ ಬಿತ್ತಿದ ಬೀಜದ ದುಡ್ಡೂ ವಾಪಸ್ ಬಾರದ ವರ್ಷಗಳನ್ನು ಕಂಡ ರೈತರಿಗೆ ಇದು ದೊಡ್ಡ ಆಸರೆ. ಜಮೀನು ರೈತನ ಹೆಸರಲ್ಲೇ ಉಳಿಯಿತು ಅನ್ನುವುದೂ ಸಣ್ಣ ಮಾತಲ್ಲ.

ಆದರೆ ಒಪ್ಪಿಗೆ ಕೇಳಿದ್ದು ಯಾರನ್ನು? ಪಹಣಿಯಲ್ಲಿ ಹೆಸರಿದ್ದವರನ್ನು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿ ಹೆಂಗಸರಿಗೆ ಗುತ್ತಿಗೆ ಹಣ ಇಲ್ಲ, ಹೊಲವೇ ಇಲ್ಲದ ಮೇಲೆ ಕೂಲಿಯೂ ಇಲ್ಲ. ಬೆಳೆ ತೆಗೆದ ಮೇಲೆ ಬಯಲಲ್ಲಿ ಕುರಿ ಬಿಡುತ್ತಿದ್ದವರಿಗೆ ಎದುರಿಗೆ ಬೇಲಿ. ಕಾನೂನಿನಲ್ಲೂ ಇವರಿಗೆ ಮಾತಾಡಲು ಜಾಗ ಸಿಗಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು ಅಂತಿದೆ, ಆದರೆ ಅದು ಸ್ವಾಧೀನ ಮಾಡಿದರೆ ಮಾತ್ರ, ಗುತ್ತಿಗೆಗಲ್ಲ. ಸೋಲಾರ್‌ಗೆ ಪರಿಸರ ಅನುಮತಿ ಬೇಕಿಲ್ಲದ ಕಾರಣ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಇಂಥ ಕಡೆ ಸಾಲ ಕೊಡುವವನೇ "ಇನ್ಯಾರು ಈ ನೆಲವನ್ನು ನಂಬಿದ್ದಾರೆ" ಅಂತ ಕೇಳಬೇಕು. ಅವನೂ ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

ಪಾವಗಡದವರೆಲ್ಲ ಮೂಲನಿವಾಸಿಗಳು ಅಂತ ನಾನು ಹೇಳುತ್ತಿಲ್ಲ. ಮೂಲನಿವಾಸಿಗಳ ಹಕ್ಕು ಇದಕ್ಕಿಂತ ಆಳವಾದದ್ದು. ಒಂದು ಸಮುದಾಯವಾಗಿ ತಮ್ಮ ನೆಲ, ಕಾಡು, ಬದುಕಿನ ಬಗ್ಗೆ ತಾವೇ ತೀರ್ಮಾನ ಮಾಡುವ ಹಕ್ಕು ಅದು. 2007ರಲ್ಲಿ ವಿಶ್ವಸಂಸ್ಥೆ ಇದನ್ನು ಘೋಷಣೆಯಾಗಿ ಒಪ್ಪಿತು, 144 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಅದರಲ್ಲಿತ್ತು. ಯೋಜನೆಗೆ ಮೊದಲೇ, ಒತ್ತಡವಿಲ್ಲದೆ, ಎಲ್ಲ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು ಅನ್ನುವುದು ಅದರ 32ನೇ ವಿಧಿ. ಖಾಸಗಿ ಕಂಪನಿಗಳಿಗೆ ಸಾಲ ಕೊಡುವ, ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ 2012ರಲ್ಲಿ ತನ್ನ ಸಾಲದ ಷರತ್ತುಗಳಲ್ಲಿ ಇದನ್ನು ಸೇರಿಸಿತು. ನೀವು ನೋಡಿದ ಷರತ್ತಿನ ಮೂಲ ಇದೇ.

"ಮೊದಲೇ" ಅನ್ನುವುದು ಎಷ್ಟು ಮುಖ್ಯ ಅಂತ ನೋಡಬೇಕಾದರೆ ನಾರ್ವೆಯ ಫೋಸೆನ್‌ಗೆ ಹೋಗಬೇಕು. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ತಲೆಮಾರುಗಳಿಂದ ಹಿಮಸಾರಂಗ ಮೇಯಿಸುತ್ತಾರೆ. ಅವರ ಚಳಿಗಾಲದ ಹುಲ್ಲುಗಾವಲಿನಲ್ಲಿ 151 ಗಾಳಿಯಂತ್ರಗಳನ್ನು ನಿಲ್ಲಿಸಿದರು. ಸಾಮಿಗಳು ಮೊದಲಿನಿಂದಲೂ ಬೇಡ ಅಂದರು, ಕೋರ್ಟಿಗೆ ಹೋದರು, ಆದರೆ ಕೇಸು ನಡೆಯುತ್ತಿರುವಾಗಲೇ ಕಟ್ಟುವ ಕೆಲಸವೂ ಮುಗಿದು ವಿದ್ಯುತ್ ಉತ್ಪಾದನೆ ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ಪರವಾನಗಿಯೇ ಅಸಿಂಧು ಅಂದಿತು, ಸಾಮಿಗಳ ಸಾಂಸ್ಕೃತಿಕ ಹಕ್ಕಿಗೆ ಧಕ್ಕೆಯಾಗಿದೆ ಅಂತ. ಆದರೂ ಯಂತ್ರಗಳು ತಿರುಗುತ್ತಲೇ ಇದ್ದವು! ತೀರ್ಪು ಬಂದು 500 ದಿನವಾದರೂ ಏನೂ ಆಗದಿದ್ದಾಗ ಸಾಮಿ ಯುವಕ ಯುವತಿಯರು ಓಸ್ಲೋದಲ್ಲಿ ಮಂತ್ರಾಲಯದ ಒಳಗೇ ಧರಣಿ ಕೂತರು. ಕೊನೆಗೆ 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ರಾಜಿ ಒಪ್ಪಂದಗಳಾದವು, ಯಂತ್ರಗಳು ಅಲ್ಲೇ ಉಳಿದವು. ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಸಾಮಿಗಳ ಮಾತಿಗೆ ಬೆಲೆ ಸಿಗಬಹುದಾಗಿದ್ದ ಹೊತ್ತು ಒಂದೇ, ಹಣ ಬಿಡುಗಡೆ ಆಗುವುದಕ್ಕೆ ಮುಂಚೆ.

ನಮ್ಮ ದೇಶದಲ್ಲಿ ಇದಕ್ಕೆ ಉಲ್ಟಾ ನಡೆದದ್ದು ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ. ಅದು ಬಾಕ್ಸೈಟ್ ಗಣಿ, ಹಸಿರು ಯೋಜನೆಯಲ್ಲ, ಆದರೆ ಹಣ ಹಾಕಿದವರು ಏನು ಮಾಡಬಹುದು ಅಂತ ಅಲ್ಲಿ ಕಾಣುತ್ತದೆ. ನಾರ್ವೆ ಸರ್ಕಾರದ ಪಿಂಚಣಿ ನಿಧಿ 2007ರಲ್ಲೇ ಆ ಗಣಿಯ ಹಿಂದಿದ್ದ ವೇದಾಂತ ಕಂಪನಿಯಿಂದ ಹಣ ಹಿಂದಕ್ಕೆ ತೆಗೆಯಿತು, 2010ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಷೇರು ಮಾರಿತು. 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳೇ ತೀರ್ಮಾನಿಸಲಿ ಅಂದಾಗ ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಮತ್ತು ಅವರ ನೆರೆಯ ಹಳ್ಳಿಗಳ 12 ಸಭೆಗಳೂ ಬೇಡ ಅಂದವು. ಗಣಿ ನಿಂತಿತು. (ನಮ್ಮನ್ನು ನೋಡಲು ನಾರ್ವೆಯವರ ಕಣ್ಣು ಚುರುಕು, ಅದೇ ಕಣ್ಣು ಫೋಸೆನ್‌ನಲ್ಲಿ ಮಂಜಾಗಿದ್ದು ನನಗೆ ಬೇಸರದ ವಿಷಯ.)

ಒಪ್ಪಿಗೆ ಕೇಳಿದರೆ ಎಲ್ಲರೂ ಬೇಡ ಅಂತಲೇ ಹೇಳುತ್ತಾರೆ ಅನ್ನುವ ಭಯ ನಿಮ್ಮ ಪ್ರಶ್ನೆಯಲ್ಲಿದೆ. ಹಾಗೇನಿಲ್ಲ. ಕೆನಡಾದ ಆಲ್ಬರ್ಟಾದಲ್ಲಿ 2022ರಲ್ಲಿ 23 ಮೂಲನಿವಾಸಿ ಸಮುದಾಯಗಳು ಸೇರಿ ಏಳು ತೈಲ ಪೈಪ್‌ಲೈನ್‌ಗಳಲ್ಲಿ ಪಾಲು ಕೊಂಡವು, 112 ಕೋಟಿ ಕೆನಡಾ ಡಾಲರ್ ಕೊಟ್ಟು. ತೈಲ ನನಗೆ ಇಷ್ಟವಿಲ್ಲ. ಆದರೆ ತೀರ್ಮಾನ ಅವರದ್ದು ಅಂದ ಮೇಲೆ ನಮಗೆ ಹಿಡಿಸದ ತೀರ್ಮಾನವೂ ಅವರದ್ದೇ. ಅಲ್ಲಿನ ಕೇಂದ್ರ ಸರ್ಕಾರ 2024ರ ಬಜೆಟ್‌ನಲ್ಲಿ ಇಂಥ ಪಾಲು ಕೊಳ್ಳುವ ಸಾಲಗಳಿಗೆ 500 ಕೋಟಿ ಡಾಲರ್‌ವರೆಗೆ ಖಾತರಿ ಇಟ್ಟಿತು. ನನ್ನ ಮಟ್ಟಿಗೆ ನಿಜವಾದ ದಾರಿ ಇದೇ. ಪರಿಹಾರ ಕೊಟ್ಟು ಕೈತೊಳೆದುಕೊಳ್ಳುವ ಬದಲು ಅವರನ್ನೇ ಪಾಲುದಾರರನ್ನಾಗಿ ಮಾಡಬೇಕು, ಆಡಳಿತ ಮಂಡಳಿಯಲ್ಲಿ ಕುರ್ಚಿ ಕೊಡಬೇಕು.

ನೀವು ಇಂಥ ಫಂಡ್‌ಗೆ ಹಣ ಹಾಕುವುದಾದರೆ ಅದರ ವರದಿ ತೆಗೆದು ನೋಡಿ. "ಸ್ಥಳೀಯರೊಂದಿಗೆ ಸಮಾಲೋಚನೆ ನಡೆಸಲಾಗಿದೆ" ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದಕ್ಕೆ ತೃಪ್ತಿಪಡಬೇಡಿ. ಸಭೆ ನಡೆದ ದಿನಾಂಕ ಕೇಳಿ, ಸಾಲದ ಮೊದಲ ಕಂತು ಹೋದ ದಿನಾಂಕವನ್ನೂ ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸಭೆ ಯಾವ ಭಾಷೆಯಲ್ಲಿ ನಡೆಯಿತು, ಜಮೀನಿಲ್ಲದವರು ಬಂದಿದ್ದರಾ, ಅವರು ಬೇಡ ಅಂದಿದ್ದರೆ ಯೋಜನೆ ನಿಲ್ಲುತ್ತಿತ್ತಾ ಅಂತಲೂ ಕೇಳಿ. ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ನಾನಾದರೆ ಆ ಫಂಡ್‌ಗೆ ಹಣ ಹಾಕುವುದಿಲ್ಲ.