ಓದುಗರ ಪ್ರಶ್ನೆ: ಎಸಿ ಕೂರಿಸುವ ದಿನ ಗಮನಿಸಬೇಕಾದದ್ದೇನು?

ಪ್ರಶ್ನೆ: ನಮ್ಮದು ಹಳೆಯ ಕಟ್ಟಡದ ಕೊನೆಯ ಮಹಡಿ. ಮಲಗುವ ಕೋಣೆ ಸುಮಾರು 130 ಚದರ ಅಡಿಯಿದ್ದು, ಕಿಟಕಿ ಪಶ್ಚಿಮಕ್ಕಿದೆ. ಹಿಂದಿನ ಎಸಿಗೆ ‘ಗ್ಯಾಸ್ ಮುಗಿದಿದೆ’ ಎಂದು ಮೆಕ್ಯಾನಿಕ್ ಪ್ರತಿ ಬೇಸಿಗೆಯಲ್ಲಿಯೂ ತುಂಬಿಸಿ ಹಣ ಪಡೆಯುತ್ತಿದ್ದರು. ಈಗ ಹೊಸದನ್ನು ಕೊಳ್ಳಲಿದ್ದೇವೆ. ಎಷ್ಟು ಟನ್ನಿನದು ಬೇಕು? ಅಂಗಡಿಯವರು ಫಿಟ್ಟಿಂಗ್ ಉಚಿತವೆನ್ನುತ್ತಾರೆ, ಅದನ್ನು ಒಪ್ಪಬಹುದೇ?
– ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಮೊದಲು ಗ್ಯಾಸಿನ ವಿಷಯ. ಎಸಿಯ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಪ್ರತಿ ವರ್ಷ ತುಂಬಿಸಬೇಕಾಯಿತೆಂದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ, ಮತ್ತು ಆ ಸೋರಿಕೆ ಬಹಳಷ್ಟು ಸಲ ಯಂತ್ರವನ್ನು ಕೂರಿಸಿದ ದಿನವೇ ಹುಟ್ಟಿರುತ್ತದೆ. ಕಾರ್ಖಾನೆಯಿಂದ ಬರುವ ಸ್ಪ್ಲಿಟ್ ಎಸಿ ಎರಡು ತುಂಡುಗಳಲ್ಲಿರುತ್ತದೆ. ಅವೆರಡನ್ನೂ ತಾಮ್ರದ ಕೊಳವೆಗಳಿಂದ ಜೋಡಿಸಿದಾಗಷ್ಟೇ ಅದು ಪೂರ್ಣ ಯಂತ್ರವಾಗುತ್ತದೆ. ಆದ್ದರಿಂದ ಐದು ಸ್ಟಾರಿನ ಯಂತ್ರಕ್ಕೆ ಹೆಚ್ಚು ಹಣ ಕೊಟ್ಟು, ಜೋಡಣೆಯನ್ನು ಅವಸರದಲ್ಲಿರುವ ಕೈಗೆ ಒಪ್ಪಿಸುವುದರಲ್ಲಿ ಜಾಣತನವಿಲ್ಲ.

ಟನ್ನಿನ ಲೆಕ್ಕ ಸುಲಭ. ಒಂದು ಟನ್ ಎಂದರೆ ಕೋಣೆಯಿಂದ ಸುಮಾರು 3.5 ಕಿಲೋವಾಟ್‌ನಷ್ಟು ಶಾಖವನ್ನು ಹೊರಹಾಕುವ ಸಾಮರ್ಥ್ಯ. ಸುಮಾರು 120 ಚದರ ಅಡಿಯ ಕೋಣೆಗೆ ಸಾಮಾನ್ಯವಾಗಿ ಅಷ್ಟು ಸಾಕು. ನಿಮ್ಮ ತಾರಸಿ ಹಗಲೆಲ್ಲ ಕಾಯುವುದರಿಂದಲೂ ಪಶ್ಚಿಮದ ಬಿಸಿಲು ನೇರವಾಗಿ ಒಳಬರುವುದರಿಂದಲೂ ಒಂದೂವರೆ ಟನ್ ಸರಿಯಾದ ಆಯ್ಕೆ. ಇರಲಿ ಎಂದು ಎರಡು ಟನ್ನಿಗೆ ಹೋಗಬೇಡಿ. ಮುಂಬಯಿಯಲ್ಲಿ ಸೆಕೆಯಷ್ಟೇ ಗಾಳಿಯ ತೇವವೂ ಕಾಡುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರವು ಕೋಣೆಯನ್ನು ಬೇಗನೆ ತಣಿಸಿ, ತೇವವನ್ನು ಹೀರುವ ಮೊದಲೇ ತನ್ನ ಕೆಲಸ ಮುಗಿಯಿತೆಂದು ಕಂಪ್ರೆಸರ್ ನಿಲ್ಲಿಸಿಬಿಡುವುದರಿಂದ, ತಣ್ಣಗಿದ್ದರೂ ಮೈ ಅಂಟಂಟಾಗಿಯೇ ಉಳಿಯುತ್ತದೆ.

ಇನ್ನು ಜೋಡಣೆ. ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ, ನಟ್ಟಿನಿಂದ ಬಿಗಿಯುತ್ತಾರೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಕತ್ತರಿಸಿದ ಅಂಚಿನ ತರಿಯನ್ನು ತೆಗೆಯದೆ ಅರಳಿಸಿದರೆ, ಅಥವಾ ಬಲ ಹಾಕಿ ಅತಿಯಾಗಿ ಬಿಗಿದರೆ, ಅಲ್ಲಿಯೇ ಕೂದಲೆಳೆಯಷ್ಟು ಬಿರುಕು ಬಿಟ್ಟು ಮುಂದಿನ ಬೇಸಿಗೆಯ ಹೊತ್ತಿಗೆ ಗ್ಯಾಸ್ ಖಾಲಿಯಾಗುತ್ತದೆ. ಹಳೆಯ ಎಸಿಯ ಕೊಳವೆಯನ್ನೇ ಬಳಸೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ: ಅದರೊಳಗೆ ಹಳೆಯ ಎಣ್ಣೆಯ ಅಂಶವಿರುತ್ತದೆ, ನಿಮ್ಮ ಅನುಭವದ ಪ್ರಕಾರ ಸೋರಿಕೆಯೂ ಅದರಲ್ಲೇ ಇದ್ದೀತು.

ಕೊಳವೆ ಜೋಡಿಸಿದ ಮೇಲೆ ಅದರೊಳಗೆ ಹೊರಗಿನ ಗಾಳಿ ಮತ್ತು ತೇವ ಉಳಿದಿರುತ್ತವೆ. ಅವುಗಳನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆದ ನಂತರವೇ ಔಟ್‌ಡೋರ್ ಯೂನಿಟ್ಟಿನ ಕವಾಟವನ್ನು ತೆರೆದು ಗ್ಯಾಸ್ ಬಿಡಬೇಕು. ಅನೇಕರು ಈ ಪಂಪನ್ನು ತರುವುದೇ ಇಲ್ಲ. ಕವಾಟವನ್ನು ಒಂದು ಕ್ಷಣ ಸಡಿಲಿಸಿ, ಒಳಗಿನ ಗ್ಯಾಸಿನಿಂದಲೇ ಗಾಳಿಯನ್ನು ‘ಪುಸ್’ ಎಂದು ಹೊರತಳ್ಳಿ ಕೆಲಸ ಮುಗಿಸುತ್ತಾರೆ. ಆ ದಿನ ಎಸಿ ತಣ್ಣಗೇ ಬೀಸುತ್ತದೆಯಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಒಳಗುಳಿದ ತೇವವು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ, ಒಳಗುಳಿದ ಗಾಳಿಯು ಒತ್ತಡವನ್ನೂ ವಿದ್ಯುತ್ ಬಿಲ್ಲನ್ನೂ ಏರಿಸುತ್ತದೆ. ಮೇಲಾಗಿ, ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ. ಅದನ್ನು ಹೀಗೆ ಹೊರಬಿಡುವುದು ತರವಲ್ಲ. ಪಂಪನ್ನು ಇಪ್ಪತ್ತು-ಮೂವತ್ತು ನಿಮಿಷ ನಡೆಸಿ, ನಂತರ ನಿಲ್ಲಿಸಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಇದ್ದಲ್ಲಿಯೇ ನಿಂತಿದೆಯೇ ಎಂದು ಸ್ವಲ್ಪ ಹೊತ್ತು ನೋಡಲು ಹೇಳಿ. ಮುಳ್ಳು ಮೇಲೇರಿದರೆ ಸೋರಿಕೆಯಿದೆ, ಇಲ್ಲವೇ ತೇವ ಉಳಿದಿದೆ. ಗ್ಯಾಸ್ ಬಿಟ್ಟ ಮೇಲೆ ಪ್ರತಿ ನಟ್ಟಿಗೂ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಔಟ್‌ಡೋರ್ ಯೂನಿಟ್ಟನ್ನು ಕಟ್ಟಡದ ಇಕ್ಕಟ್ಟಾದ ಡಕ್ಟಿನೊಳಗೆ (ಪೈಪುಗಳಿಗೆಂದು ಗೋಡೆಗಳ ನಡುವೆ ಬಿಟ್ಟ ಜಾಗದೊಳಗೆ) ಕೂರಿಸಿದರೆ, ತಾನೇ ಹೊರಬಿಟ್ಟ ಬಿಸಿಗಾಳಿಯನ್ನು ಅದು ಮತ್ತೆ ಸೇದಿಕೊಳ್ಳುತ್ತದೆ. ಯಂತ್ರದ ಸಾಮರ್ಥ್ಯವನ್ನು ಅಳೆದಿರುವುದು ಹೊರಗೆ 35 ಡಿಗ್ರಿ ಇದ್ದಾಗ. ಡಕ್ಟಿನಲ್ಲಿ ಉಷ್ಣಾಂಶ ಅದನ್ನು ಎಷ್ಟೋ ಮೀರುತ್ತದೆ. ಹೊರಗೋಡೆಯೇ ಲೇಸು, ಆದರೆ ಸೊಸೈಟಿಯ ಲಿಖಿತ ಅನುಮತಿ ಮೊದಲೇ ಇರಲಿ. ಛಜ್ಜಾದ (ಕಿಟಕಿಯ ಮೇಲೆ ಹೊರಚಾಚಿದ ಹಲಗೆಯ) ಮೇಲಿಡುವುದಾದರೆ ಹಳೆಯ ಕಟ್ಟಡದ ಛಜ್ಜಾ ಅದರ ಭಾರವನ್ನೂ, ಅದರ ಮೇಲೆ ನಿಂತು ಕೆಲಸ ಮಾಡುವವನ ಭಾರವನ್ನೂ ತಾಳೀತೇ ಎಂದು ನೋಡಬೇಕು. ಸುರಕ್ಷಾ ಬೆಲ್ಟ್ ಇಲ್ಲದೆ ಹುಡುಗರನ್ನು ಕಿಟಕಿಯಾಚೆಗೆ ಇಳಿಸುವವರಿಂದ ಕೆಲಸ ಮಾಡಿಸಲೇಬೇಡಿ, ಅದರಿಂದ ಒಂದು ದಿನ ತಡವಾದರೂ ಚಿಂತೆಯಿಲ್ಲ.

ಮಳೆಗಾಲದ ತೇವದಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದೆರಡು ಲೀಟರ್ ನೀರನ್ನು ಇಳಿಸಬಲ್ಲದು. ಆ ನೀರಿನ ಪೈಪು ಎಲ್ಲಿಯೂ ಮೇಲೇಳದೆ ಒಂದೇ ಸಮನೆ ಇಳಿಜಾರಾಗಿ ಸಾಗಿ ಮೋರಿಯನ್ನು ಸೇರಬೇಕು; ಕೆಳಮನೆಯವರ ಕಿಟಕಿಯ ಮೇಲೆ ತೊಟ್ಟಿಕ್ಕಿದ ನೀರಿನಿಂದ ಎದ್ದಷ್ಟು ಜಗಳಗಳು ನಮ್ಮ ಸೊಸೈಟಿಗಳಲ್ಲಿ ಬೇರಾವುದರಿಂದಲೂ ಎದ್ದಿರಲಾರವು. ವಿದ್ಯುತ್ತಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಂತಿ, ಅದಕ್ಕೊಂದು ಎಂಸಿಬಿ (ಅತಿಯಾಗಿ ವಿದ್ಯುತ್ ಹರಿದಾಗ ತಾನೇ ಆರುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇರಲಿ.

‘ಉಚಿತ ಫಿಟ್ಟಿಂಗ್’ ಎಂಬುದು ಹೆಚ್ಚಾಗಿ ಕೂಲಿಗೆ ಮಾತ್ರ ಅನ್ವಯಿಸುತ್ತದೆ. ಹೆಚ್ಚುವರಿ ಕೊಳವೆ, ಸ್ಟ್ಯಾಂಡ್, ಗೋಡೆ ಕೊರೆತ ಇವುಗಳ ದರವನ್ನು ಮುಂಚಿತವಾಗಿ ಬರೆಸಿಕೊಳ್ಳಿ. ವ್ಯಾಕ್ಯೂಮ್ ಪಂಪ್ ತರುವಿರಾ ಎಂದು ಫೋನಿನಲ್ಲಿಯೇ ಕೇಳಿಬಿಡಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಪುಣೆಯ ಕೋಥರೂಡಿನಲ್ಲಿ ವಯಸ್ಸಾದ ತಂದೆತಾಯಿ ನಮ್ಮೊಂದಿಗಿದ್ದಾರೆ. ಜನವರಿಯ ರಾತ್ರಿಗಳಲ್ಲಿ ಅವರಿಗೆ ಚಳಿ ತಡೆಯಲಾಗುವುದಿಲ್ಲ. ‘ಹಾಟ್ ಅಂಡ್ ಕೋಲ್ಡ್’ ಎಸಿ ಹಾಕಿಸುವುದು ದುಂದುವೆಚ್ಚವೇ?
– ಓದುಗರೊಬ್ಬರು, ಪುಣೆ

ಉತ್ತರ: ಮುಂಬಯಿಯವರು ಕೇಳಿದ್ದರೆ ಹೌದೆನ್ನುತ್ತಿದ್ದೆ. ಪುಣೆಯಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಹಿರಿಯರಿರುವ ಮನೆಗೆ ಇದು ಯೋಗ್ಯ ಖರ್ಚು. ಕಾಯಿಲ್ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ಈ ಎಸಿಯಾದರೋ ತನ್ನ ಚಕ್ರವನ್ನು ತಿರುಗುಮುರುಗಾಗಿಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ಸಾಗಿಸುವುದರಿಂದ, ಪುಣೆಯಂಥ ಮಿತವಾದ ಚಳಿಯಲ್ಲಿ ಅದೇ ಒಂದು ಯೂನಿಟ್ಟಿಗೆ ಸುಮಾರು ಮೂರು ಪಟ್ಟು ಶಾಖ ದೊರೆಯುತ್ತದೆ. ತಣಿಸಲು ಮಾತ್ರ ತಯಾರಾದ ಎಸಿಯನ್ನು ಆಮೇಲೆ ಹೀಗೆ ಬದಲಿಸಲು ಬರುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ನಿರ್ಧರಿಸಿ. ಕೂರಿಸುವಾಗ ಎರಡು ವಿಶೇಷಗಳನ್ನು ನೋಡಿಕೊಳ್ಳಬೇಕು: ಎರಡೂ ತಾಮ್ರದ ಕೊಳವೆಗಳಿಗೆ ಬೇರೆಬೇರೆಯಾಗಿ ಉಷ್ಣನಿರೋಧಕ ಹೊದಿಕೆ ಹಾಕಿಸಬೇಕು, ಬಿಸಿ ಮಾಡುವಾಗ ಔಟ್‌ಡೋರ್ ಯೂನಿಟ್ಟಿನಿಂದ ನೀರು ಇಳಿಯುವುದರಿಂದ ಅಲ್ಲಿಗೂ ಪೈಪು ಬೇಕು. ಬೇಸಿಗೆಯ ಮಾತೆಂದರೆ, ಮಳೆ ಬರುವವರೆಗೆ ಪುಣೆಯ ಗಾಳಿ ಒಣಗಿರುವುದರಿಂದ ಹಜಾರಕ್ಕೆ ನೀರಿನ ಕೂಲರ್ ಚೆನ್ನಾಗಿಯೇ ಸಾಗುತ್ತದೆ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರಕ್ಕೆ ಹತ್ತಿರವಿರುವ ಚಿರೇಕಲ್ಲಿನ ಮನೆ ನಮ್ಮದು. ಹಳೆಯ ಎಸಿಯ ಔಟ್‌ಡೋರ್ ಯೂನಿಟ್ ತುಕ್ಕು ಹಿಡಿದು ಹಾಳಾಯಿತು. ಹೊಸದಕ್ಕೆ ಏನು ಮಾಡಬೇಕು?
– ಓದುಗರೊಬ್ಬರು, ಗೋವಾ

ಉತ್ತರ: ಕಡಲ ಗಾಳಿಯ ಉಪ್ಪು ನೇರವಾಗಿ ಹೊಡೆಯದ ಗೋಡೆಯನ್ನು ಆರಿಸಿ, ಔಟ್‌ಡೋರ್ ಯೂನಿಟ್ಟಿನ ಕಾಯಿಲಿಗೆ (ಶಾಖ ಹೊರಬಿಡುವ ಕೊಳವೆಗಳ ಸುರುಳಿಗೆ) ತುಕ್ಕುನಿರೋಧಕ ಲೇಪವಿರುವ ಮಾದರಿಯನ್ನೇ ಕೊಳ್ಳಿ. ಚಿರೇಕಲ್ಲು ಮೃದುವೂ ರಂಧ್ರಮಯವೂ ಆದುದರಿಂದ ಸಾಮಾನ್ಯ ಆಂಕರ್ ಬೋಲ್ಟುಗಳು ಅದರಲ್ಲಿ ಕಾಲಕ್ರಮೇಣ ಸಡಿಲಗೊಳ್ಳುತ್ತವೆ. ಸಾಧ್ಯವಿದ್ದರೆ ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಯೂನಿಟ್ಟನ್ನು ಕೂರಿಸಿ, ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳನ್ನೇ ಬಳಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ವಿದ್ಯುತ್ ಆರಿಸಿ, ಕಾಯಿಲಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಹರಿಸಿ ಉಪ್ಪನ್ನು ತೊಳೆಯುವುದು ಒಳ್ಳೆಯದು. ಒತ್ತಡದ ಪಂಪಿನಿಂದ ಹೊಡೆದರೆ ಕಾಯಿಲಿನ ತೆಳು ಲೋಹದ ರೆಕ್ಕೆಗಳು ಮಡಚಿಕೊಳ್ಳುತ್ತವೆ.