ಸ್ಯಾನ್ ಹೋಸೆಯಲ್ಲಿರುವ ಉಯಿಲಿನ ನಕಲು ತರಿಸುವ ಬಗ್ಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ತೀರಿಕೊಂಡ ದೊಡ್ಡಪ್ಪನವರ ಉಯಿಲಿನ ನಕಲನ್ನು ಮೈಸೂರಿನಿಂದಲೇ ತರಿಸಬಹುದೇ ಎಂದು ಕೇಳಿದ್ದೀರಿ. ತರಿಸಬಹುದು, ನಕಲಿಗಾಗಿ ವಕೀಲರು ಬೇಕಿಲ್ಲ. ಆ ಊರು ಸಾಂತಾ ಕ್ಲಾರಾ ಕೌಂಟಿಗೆ (ನಮ್ಮ ಜಿಲ್ಲೆಯಿದ್ದಂತೆ) ಸೇರಿದ್ದು; ಪ್ರೊಬೇಟ್ (ಉಯಿಲನ್ನು ಕೋರ್ಟು ಮಾನ್ಯ ಮಾಡಿ ಆಸ್ತಿ ಹಂಚಿಸುವ ಪ್ರಕ್ರಿಯೆ) ಆಗಿದ್ದರೆ ಫೈಲು ಅಲ್ಲಿನ ಸುಪೀರಿಯರ್ ಕೋರ್ಟಿನಲ್ಲಿರುತ್ತದೆ. ಮೊದಲು ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಕೇಸ್ ನಂಬರ್ ಹುಡುಕಿ. ನಮ್ಮವರ ಇನಿಷಿಯಲ್ಲು ಅಲ್ಲಿ ಸರ್‌ನೇಮ್ ಆಗಿ ಕೂತಿರುವುದುಂಟು, ಹಾಗಾಗಿ ಅಪ್ಪನ ಹೆಸರು, ಊರಿನ ಹೆಸರು, ಎಲ್ಲವನ್ನೂ ಹಿಂದುಮುಂದು ಮಾಡಿ ನೋಡಿ. ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸಾದಾ ನಕಲು ಪುಟಕ್ಕೆ 50 ಸೆಂಟ್. ದೃಢೀಕರಣಕ್ಕೆ, ಅಂದರೆ ನಕಲು ಮೂಲದಂತೆಯೇ ಇದೆಯೆಂದು ಕೋರ್ಟು ಬರೆದುಕೊಡುವುದಕ್ಕೆ, ಅದರ ಮೇಲೆ 40 ಡಾಲರ್. ಇಲ್ಲಿನ ಕೋರ್ಟಿಗೆ ಕೊಡುವುದಾದರೆ ದೃಢೀಕೃತ ಪ್ರತಿಯನ್ನೇ ತರಿಸಿ, ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ನಡೆಯಲೆಂದು ಕೊಡುವ ಪ್ರಮಾಣಪತ್ರ) ಮಾಡಿಸಿ. ಆಸ್ತಿಯನ್ನೆಲ್ಲ ಟ್ರಸ್ಟ್ ಹೆಸರಿಗೆ ಮಾಡಿಟ್ಟಿದ್ದರೆ ಮಾತ್ರ ಪ್ರೊಬೇಟ್ ಕೇಸೇ ಆಗಿರಲಿಕ್ಕಿಲ್ಲ; ಆಗ ಆ ಟ್ರಸ್ಟ್ ನೋಡಿಕೊಳ್ಳುವ ಟ್ರಸ್ಟಿಯನ್ನೇ ಕೇಳಬೇಕು.